ಹೊಸ ಹೆಸರಿನ ಪಡೆ

ದ್ವಾರಕನಾಥ್ ಏನು ಕೆಲಸ ಮಾಡುತ್ತಾನೆ ಎಂದು ಸಿಂಗಪುರದ ಕನ್ನಡಿಗರಲ್ಲಿ ಯಾರನ್ನು ಕೇಳಿದರೂ ‘ಕಾಂಪ್ಲಯನ್ಸ್’ ಅನ್ನುತ್ತಾರೆ. ಆ ಪದದ ದೊಡ್ಡ ಅನುಕೂಲವೆಂದರೆ ಅದಾದ ಮೇಲೆ ಯಾರೂ ಇನ್ನೊಂದು ಪ್ರಶ್ನೆ ಕೇಳುವುದಿಲ್ಲ. ಯಾವುದೋ ಬ್ಯಾಂಕಿರಬೇಕು ಅಂದುಕೊಂಡು ಬಿಸಿಬೇಳೆ ಬಾತಿನ ಕಡೆ ತಿರುಗುತ್ತಾರೆ. ಮೈಸೂರಿನಲ್ಲಿ ಕಾನೂನು ಓದಿದವನು, ಮಾತು ಕಡಿಮೆ, ರಸ್ತೆ ಖಾಲಿಯಿದ್ದರೂ ಹಸಿರು ದೀಪ ಬಾರದೆ ದಾಟುವವನಲ್ಲ. ಇಂಥವನಿಂದ ಯಾರಿಗೆ ತಾನೇ ಕೆಡುಕಾದೀತು?

ಬುವೊನಾ ವಿಸ್ಟಾದ ಅವನ ಆಫೀಸು ಮಾರುವುದು ಬಂದೂಕಿಗೆ ಜೋಡಿಸುವ ದುರ್ಬೀನುಗಳನ್ನು. ಕಗ್ಗತ್ತಲೆಯಲ್ಲೂ ಓಡುವ ಮನುಷ್ಯ ಅದರಲ್ಲಿ ಬೆಳ್ಳಗೆ ಕಾಣುತ್ತಾನೆ. ಅವು ತಯಾರಾಗುವ ದೇಶದ ಸಂಸತ್ತು ಒಂದು ಕಾನೂನು ಮಾಡಿಟ್ಟಿದೆ: ತನ್ನ ಜನರನ್ನೇ ಹಿಂಸಿಸಿದ, ಕೊಂದ ಪಡೆಗೆ ಇವನ್ನು ಕೊಡಕೂಡದು. ಕೊಳ್ಳುವ ಪ್ರತಿಯೊಂದು ಪಡೆಯ ಪೂರ್ವಾಪರ ವಿಚಾರಿಸಬೇಕು. ಆ ವಿಚಾರಣೆಯೇ ದ್ವಾರಕನಾಥನ ಕೆಲಸ. ಒಳ್ಳೆಯ ಕೆಲಸವೇ. ಮೊದಮೊದಲು ಅವನಿಗೆ ಅದರ ಬಗ್ಗೆ ಹೆಮ್ಮೆಯೂ ಇತ್ತು.

ಒಮ್ಮೆ ಒಂದು ದೇಶದ ಪೊಲೀಸ್ ಪಡೆಯ ಆರ್ಡರು ಅವನ ಕೈಯಲ್ಲಿ ನಿಂತಿತು. ಗಣಿ ಬೇಡವೆಂದು ಕುಳಿತ ಹಳ್ಳಿಯವರ ಮೇಲೆ ಆ ಪಡೆ ಗುಂಡು ಹಾರಿಸಿತ್ತು. ಮೀಟಿಂಗಿನಲ್ಲಿ ಬಾಸ್ ಮುಖ ಗಂಟಿಕ್ಕಿಕೊಂಡು ಕೂತಿದ್ದ. ಆಗ ದ್ವಾರಕನಾಥನ ನಾಲಿಗೆ ಸುಮ್ಮನಿರಬಾರದೆ? ‘ಈ ಕಾನೂನು ಪಡೆಯನ್ನು ನೋಡುತ್ತದೆ, ಅದರೊಳಗಿನ ಜನರನ್ನಲ್ಲ. ನಿನ್ನೆ ಹುಟ್ಟಿದ ಪಡೆಗೆ ಹಳೆಯ ಕಳಂಕ ಎಲ್ಲಿಂದ ಬರುತ್ತದೆ?’ ಅಂದುಬಿಟ್ಟ. ತಮಾಷೆಗೇ ಅಂದದ್ದು. ಆದರೆ ಬಾಸ್ ಮೆಚ್ಚಿ ನಕ್ಕಾಗ ಅವನಿಗೆ ಒಳಗೊಳಗೇ ಖುಷಿಯಾಯಿತು.

ಕೆಲವೇ ತಿಂಗಳಲ್ಲಿ ಆ ಪಡೆ ವಿಸರ್ಜನೆಯಾಯಿತು. ಅದೇ ಬ್ಯಾರಕ್ಕು, ಅದೇ ಅಧಿಕಾರಿಗಳು, ತೋಳಿನ ಮೇಲೆ ಮಾತ್ರ ಹೊಸ ಬ್ಯಾಡ್ಜು. ದ್ವಾರಕನಾಥ್ ವಿಚಾರಿಸಿದ; ಹೊಸ ಪಡೆಯ ಮೇಲೆ ಒಂದೂ ದೂರಿರಲಿಲ್ಲ. ಒಪ್ಪಿಗೆ ಕೊಟ್ಟ. ಅದೇ ವರ್ಷ ಟಿವಿಯಲ್ಲಿ ಅದೇ ಹಳ್ಳಿ ಬಂತು. ಕತ್ತಲೆಯಲ್ಲಿ ಕಾಡಿಗೆ ಓಡುತ್ತಿದ್ದವರನ್ನು ಗುರಿಯಿಟ್ಟು ಹೊಡೆದಿದ್ದರು. ಅಷ್ಟು ಕತ್ತಲೆಯಲ್ಲಿ ಹೇಗೆ ಕಂಡರೋ ಎಂದು ವರದಿಗಾರ್ತಿ ಆಶ್ಚರ್ಯಪಡುತ್ತಿದ್ದಳು. ದ್ವಾರಕನಾಥ್ ಊಟದ ತಟ್ಟೆ ಪಕ್ಕಕ್ಕೆ ಸರಿಸಿ ಟಿವಿ ಆರಿಸಿದ.

ಹೆಂಡತಿ ಶ್ರೀವಿದ್ಯಾಗೆ ಎಲ್ಲ ಹೇಳಿದ. ಅವಳು ಸ್ಟವ್ ಆರಿಸಿ ಬಂದು ಎದುರು ಕೂತಳು. “ನೀವೇನು ಗುಂಡು ಹೊಡೆದ್ರಾ? ರೂಲ್ಸ್ ಪ್ರಕಾರ ತಾನೇ ಮಾಡಿರೋದು? ಇಲ್ಲೇ ಕಾಯಂ ಇರೋಕೆ ಪಿಆರ್ ಬರೋವರೆಗೂ ಸುಮ್ನಿದ್ದುಬಿಡಿ.” ಪಿಆರ್ ಬಂತು. ಆಮೇಲೂ ಅವನು ಸುಮ್ಮನೇ ಇದ್ದ. ಅದೊಂದು ಅಭ್ಯಾಸವಾಗಿಹೋಗಿತ್ತು.

ಹೀಗಿರುವಾಗ ಮಗಳು ತನ್ಮಯಿ ಶಾಲೆಯ ಡಿಬೇಟ್ ಫೈನಲಿಗೆ ಬಂದಳು. ಮನುಷ್ಯರ ಹಕ್ಕು ಕಸಿಯುವ ಸರ್ಕಾರಗಳಿಗೆ ಶಸ್ತ್ರ ಮಾರಬಾರದು ಎಂಬುದು ವಿಷಯ. ಇವಳು ಅದರ ಪರ. “ಅಪ್ಪ, ನೀವು ಆಪೋಸಿಷನ್ ಆಗಿ. ನನ್ನ ಸೋಲಿಸಿ ನೋಡೋಣ,” ಎಂದು ಬುಕಿತ್ ಪಂಜಾಂಗಿನ ಮನೆಯ ಸೋಫಾ ಮುಂದೆ ನಿಂತಳು.

ತಲೆನೋವು ಅಂದು ತಪ್ಪಿಸಿಕೊಳ್ಳಬಹುದಿತ್ತು. ಆದರೆ ಇಷ್ಟು ವರ್ಷದಲ್ಲಿ ಅವನ ವಿದ್ಯೆಯನ್ನು ಮನೆಯಲ್ಲಿ ಯಾರೂ ಕೇಳಿರಲಿಲ್ಲ. ಅವಳು ಕಾನೂನು ತಡೆಯುತ್ತದೆ ಅಂದಳು. ಪಡೆಯ ಹೆಸರು ಬದಲಾಯಿಸಿದರೆ ಅದೇ ಕಾನೂನು ಹೇಗೆ ಸುಮ್ಮನಾಗುತ್ತದೆ ಎಂದು ಇವನು ತೋರಿಸಿದ. ಅವಳು ಬಾಯಿಬಿಟ್ಟುಕೊಂಡು ನೋಡಿದಳು. “ಅಪ್ಪ, ದಟ್ಸ್ ಸೋ ಈವಿಲ್ ಲಾ. ನಿಮಗೆ ಹೇಗೆ ಹೊಳೀತು?” ಎಂದು ಸಿಂಗಪುರದ ಮಕ್ಕಳ ರಾಗದಲ್ಲಿ ಅಂದಳು. ಅವನು ನಕ್ಕ. ಹಾಗೆ ನಕ್ಕಿದ್ದಕ್ಕೆ ಆಮೇಲೆ ಬಾತ್‌ರೂಮಿನಲ್ಲಿ ತನ್ನ ಮುಖವನ್ನೇ ನೋಡಿಕೊಳ್ಳಲು ಅಸಹ್ಯವಾಯಿತು.

ಶನಿವಾರ ಬೆಳಿಗ್ಗೆ ಬಿಶಾನಿನ ಶಾಲೆಯ ಸಭಾಂಗಣದಲ್ಲಿ ಗಂಡ ಹೆಂಡತಿ ಮುಂದಿನ ಸಾಲಿನಲ್ಲೇ ಕೂತಿದ್ದರು. ಇರುವ ಕಾನೂನೇ ಸಾಕು ಎಂದು ಎದುರಿನ ತಂಡ ವಾದಿಸಿತು. ತನ್ಮಯಿ ಎದ್ದು ನಿಂತು ಹೊಸ ಹೆಸರಿನ ಪಡೆಯ ಕಥೆ ಹೇಳಿದಳು. ಆ ಕಥೆಯಲ್ಲಿ ಆಫೀಸೊಂದರಲ್ಲಿ ಒಬ್ಬ ಮನುಷ್ಯ ಕೂತಿರುತ್ತಾನೆ. ಅವನು ರಾಕ್ಷಸನಲ್ಲ, ಲಂಚ ಮುಟ್ಟುವುದಿಲ್ಲ, ಸಂಜೆ ಹಣ್ಣು ಕೊಂಡು ಮನೆಗೆ ಹೋಗುತ್ತಾನೆ. ಕಾನೂನನ್ನು ಅವನಷ್ಟು ಶ್ರದ್ಧೆಯಿಂದ ಓದುವವರಿಲ್ಲ, ಆದರೆ ಓದುವುದು ಅದರಲ್ಲಿ ತೂತು ಹುಡುಕುವುದಕ್ಕೆ. ಸತ್ತವರ ಹೆಸರು ಅವನಿಗೆ ಎಂದೂ ಗೊತ್ತಾಗುವುದಿಲ್ಲ, ಅವನು ಕೇಳುವುದೂ ಇಲ್ಲ. ದ್ವಾರಕನಾಥನ ಕಿವಿ, ಕತ್ತು ಎಲ್ಲ ಬಿಸಿಯೇರಿತು.

ಅವಳ ತಂಡ ಗೆದ್ದಿತು. ಕಪ್ ಹಿಡಿದುಕೊಂಡು ಮೈಕಿನಲ್ಲಿ, “ಅಂಥ ಮನುಷ್ಯ ಹೇಗೆ ಯೋಚನೆ ಮಾಡುತ್ತಾನೆ ಅಂತ ನನಗೆ ಹೇಳಿಕೊಟ್ಟದ್ದು ನಮ್ಮಪ್ಪ,” ಎಂದು ಇಂಗ್ಲಿಷಿನಲ್ಲಿ ಹೇಳಿ ಕೈ ತೋರಿಸಿದಳು. ಸಭೆಗೆ ಸಭೆಯೇ ತಿರುಗಿ ಅವನತ್ತ ನಕ್ಕಿತು. ಶ್ರೀವಿದ್ಯಾ ಮೊದಲು ಚಪ್ಪಾಳೆ ತಟ್ಟಿ ಅವನನ್ನು ಮೊಣಕೈಯಿಂದ ತಿವಿದಳು. ಅವನೂ ತಟ್ಟಿದ. ತಲೆ ಎತ್ತಲು ಮಾತ್ರ ಆಗಲಿಲ್ಲ.

ಮನೆಗೆ ಹೋಗುವ ಎಲ್‌ಆರ್‌ಟಿ ರೈಲಿನಲ್ಲಿ ತನ್ಮಯಿ ಅಪ್ಪ ಅಮ್ಮನ ಮಧ್ಯೆ ಕೂತಳು. “ಅಪ್ಪ, ಜಡ್ಜ್ ಬಂದು ಕೇಳಿದ್ರು, ಇದು ರಿಯಲ್ ಕೇಸಾ ಅಂತ. ಇಲ್ಲ, ನಮ್ಮಪ್ಪ ಕಟ್ಟಿ ಹೇಳಿದ್ದು ಅಂದೆ. ಕರೆಕ್ಟ್ ಅಲ್ವಾ?”

“ಹೌದು ಪುಟ್ಟಾ, ಸುಮ್ನೆ ಒಂದು ಕಥೆ,” ಶ್ರೀವಿದ್ಯಾ ತಡಮಾಡದೆ ಅಂದಳು.

ಅಲ್ಲಿಗೇ ಮುಗಿಸಬಹುದಿತ್ತು. ಹೆಂಡತಿ ದಾರಿ ಮಾಡಿಕೊಟ್ಟಿದ್ದಳು. ಆದರೆ ಮಗಳು ಜಡ್ಜ್ ಮುಂದೆ ತನಗೆ ತಿಳಿಯದೆಯೇ ಅವನ ಪರವಾಗಿ ಸುಳ್ಳು ಹೇಳಿ ಬಂದಿದ್ದಳು. ಅದನ್ನು ಅವನಿಂದ ಸಹಿಸಲಾಗಲಿಲ್ಲ.

“ಕಥೆ ಅಲ್ಲ. ಆ ಐಡಿಯಾ ನಾನೇ ಕೊಟ್ಟಿದ್ದು. ಆಫೀಸಲ್ಲಿ. ಅದನ್ನ ಅವರು ಹಾಗೇ ಮಾಡಿದ್ರು, ನಾನು ಅಪ್ರೂವ್ ಮಾಡ್ದೆ. ಜನ ಸತ್ರು.”

ರೈಲು ವಸತಿ ಬ್ಲಾಕುಗಳ ಪಕ್ಕಕ್ಕೆ ಬಂದಿತ್ತು. ಪ್ರಯಾಣಿಕರು ಯಾರ ಮನೆಯೊಳಗೂ ಇಣುಕದಿರಲೆಂದು ಆ ರೈಲಿನಲ್ಲಿ ಮಾಡಿಟ್ಟ ಏರ್ಪಾಟಿನಂತೆ ಕಿಟಕಿಯ ಗಾಜು ತಾನಾಗಿಯೇ ಬೆಳ್ಳಗಾಯಿತು. ಶ್ರೀವಿದ್ಯಾ ಅದನ್ನೇ ನೋಡುತ್ತ ಕೂತಳು.

ತನ್ಮಯಿ ಅಪ್ಪನನ್ನು ಏನೂ ಕೇಳಲಿಲ್ಲ. ಅಮ್ಮನ ಕಡೆ ತಿರುಗಿದಳು. “ನಿಂಗೆ ಗೊತ್ತಿತ್ತಾ?”

ಶ್ರೀವಿದ್ಯಾ ಗಾಜಿನಿಂದ ಕಣ್ಣು ತೆಗೆಯಲಿಲ್ಲ. ತನ್ಮಯಿ ಎದ್ದು ಹೋಗಿ ಬಾಗಿಲ ಹತ್ತಿರದ ಕಂಬ ಹಿಡಿದು ನಿಂತಳು. ಇಳಿಯುವ ಸ್ಟಾಪಿನಲ್ಲಿ ಬಾಗಿಲು ತೆರೆದಾಗ ಇಬ್ಬರನ್ನೂ ನೋಡಿ ಮೆಲ್ಲಗೆ ಅಂದಳು:

“ನೀವಿಬ್ರೂ ಚಪ್ಪಾಳೆ ತಟ್ತಾ ಇದ್ರಿ. ನಾನು ಸ್ಟೇಜಿಂದ ನೋಡ್ದೆ.”