ಡಿಕ್ಕಿಯಲ್ಲಿಟ್ಟ ಮೇಣದ ಚೂರು

ಬಿಸಿಲಲ್ಲಿ ನಿಲ್ಲಿಸಿದ ಸ್ಕೂಟರ್ ಕಂಡರೆ ಈಗಲೂ ನನ್ನ ಕೈ ಅದರ ಸೀಟಿನ ಕಡೆ ಹೋಗುತ್ತದೆ. ಯಾರದೋ ಸ್ಕೂಟರ್, ಯಾರದೋ ಸೀಟು. ಮುಟ್ಟಿ ನೋಡುತ್ತೇನೆ, ಸುಡುತ್ತದೆ. ನಮ್ಮ ಮನೆಯ ಎಲ್ಲರ ಮೇಲೂ ಮತ್ತೊಮ್ಮೆ ಸಿಟ್ಟು ಬರುತ್ತದೆ.

ಅಕ್ಕನಿಗೆ ಗರ್ಭಕೋಶದ ಕ್ಯಾನ್ಸರ್ ಎಂದು ಗೊತ್ತಾದದ್ದು ಕಳೆದ ಬೇಸಿಗೆಯಲ್ಲಿ. ಚಂದ್ರಾ ಲೇಔಟಿನ ನಮ್ಮ ಮನೆಯಲ್ಲಿ ಕೆಳಗೆ ಅಮ್ಮ ಮತ್ತು ನಾನು, ಮಹಡಿಯಲ್ಲಿ ಅಕ್ಕ ಮತ್ತು ಭಾವ. ವಿಷಯ ಈ ನಾಲ್ಕು ಜನರನ್ನು ದಾಟಬಾರದು ಎಂದು ಮೊದಲ ದಿನವೇ ತೀರ್ಮಾನವಾಯಿತು. ತೀರ್ಮಾನ ಅಮ್ಮನದು; ಅಕ್ಕನನ್ನು ಯಾರೂ ಕೇಳಲಿಲ್ಲ. ನೆಂಟರ ಪಾಲಿಗೆ ಅಕ್ಕನಿಗೆ ವೈರಲ್ ಜ್ವರ. ಅಷ್ಟು ದಿನ ಯಾವ ಜ್ವರ ಇರುತ್ತದೆ ಎಂದು ಕೇಳುವ ಬುದ್ಧಿ ಯಾರಿಗೂ ಬರಲಿಲ್ಲ, ಅಥವಾ ಬಂದರೂ ಬಾಯಿ ಬಿಡಲಿಲ್ಲ.

ವಿಜಯನಗರದ ಒಂದು ನರ್ಸಿಂಗ್ ಹೋಮಿನಲ್ಲಿ ಪರೀಕ್ಷೆಗೆಂದು ಗೆಡ್ಡೆಯಿಂದ ಒಂದು ಚೂರು ತೆಗೆದಿದ್ದರು. ಆವತ್ತು ಅಕ್ಕನಿಗೆ ರಕ್ತ ನಿಲ್ಲಲೇ ಇಲ್ಲ. ಮುಖ ಸುಣ್ಣದ ಹಾಗೆ ಬಿಳುಚಿಕೊಂಡಿತ್ತು, ಕೊನೆಗೆ ರಕ್ತ ಕೊಡಬೇಕಾಯಿತು. ಇನ್ನೊಂದು ಸಲ ಆ ಚೂರು ತೆಗೆಯುವ ಮಾತೇ ಬೇಡ ಎಂದು ಮೈಸೂರು ರಸ್ತೆಯ ದೊಡ್ಡ ಆಸ್ಪತ್ರೆಯವರು ಹೇಳಿದರು. ಗೆಡ್ಡೆ ಆಗಲೇ ಹೊಟ್ಟೆಯೊಳಗೆ ಹರಡಿದ್ದರಿಂದ ಮೊದಲು ಔಷಧಿ, ಆಪರೇಷನ್ ಆಮೇಲೆ.

ಯಾವ ಔಷಧಿ ಎಂಬುದು ಅಲ್ಲಿನ ಪೆಥಾಲಜಿ ಡಾಕ್ಟರ ಮೇಲೆ ನಿಂತಿತ್ತು. ಐವತ್ತು ದಾಟಿದ ಹೆಂಗಸು, ಮಾತು ಕಡಿಮೆ. ಹೆಂಗಸರಿಗೆ ಬರುವ ಕ್ಯಾನ್ಸರುಗಳ ಬಯೋಮಾರ್ಕರುಗಳ ಮೇಲೆ ಅವರ ಸಂಶೋಧನೆ. ಹಾಗೆಂದರೇನು ಎಂದು ನಾನೇ ಕೇಳಿದೆ. ನೋಡಲು ಒಂದೇ ಥರ ಇರುವ ಎರಡು ಗೆಡ್ಡೆಗಳಲ್ಲಿ, ಒಂದರ ಜೀವಕೋಶಗಳಲ್ಲಿ ಕೆಲವು ಪ್ರೋಟೀನುಗಳು ಇರುತ್ತವೆ, ಇನ್ನೊಂದರಲ್ಲಿ ಇರುವುದಿಲ್ಲ. ಬಣ್ಣ ಹಿಡಿಸಿ ನೋಡಿದರೆ ಗೊತ್ತಾಗುತ್ತದೆ. ಇದ್ದವರಿಗೆ ಒಂದು ಔಷಧಿ, ಇಲ್ಲದವರಿಗೆ ಇನ್ನೊಂದು. ಅದಲು ಬದಲಾದರೆ ಕೂದಲು ಉದುರುತ್ತದೆ, ಗೆಡ್ಡೆ ಮಾತ್ರ ಇದ್ದಲ್ಲೇ ಇರುತ್ತದೆ. ಇದನ್ನು ನೋಡಲು ನರ್ಸಿಂಗ್ ಹೋಮಿನವರು ಮೇಣದಲ್ಲಿ ಹುದುಗಿಸಿಟ್ಟಿದ್ದ ಆ ಚೂರೇ ಬೇಕು. ಅದಕ್ಕೆ ಬ್ಲಾಕ್ ಎನ್ನುತ್ತಾರೆ.

ತರಬೇಕಾದವರು ನಾವೇ. ಈ ಊರಿನಲ್ಲಿ ಮಸಾಲೆ ದೋಸೆಯನ್ನು ಬಿಸಿ ಆರದಂತೆ ಬಾಗಿಲಿಗೆ ತಂದುಕೊಡಲು ಜನ ಇದ್ದಾರೆ. ರೋಗಿಯ ಗೆಡ್ಡೆಯನ್ನು ಒಂದು ಲ್ಯಾಬಿನಿಂದ ಇನ್ನೊಂದಕ್ಕೆ ಮುಟ್ಟಿಸಲು ಮಾತ್ರ ರೋಗಿಯ ತಂಗಿಯೇ ಆಗಬೇಕು. ಶನಿವಾರ ಅರ್ಧ ದಿನ ಕಾಯಿಸಿ, ಒಂದು ಜಿಪ್ ಕವರಿನಲ್ಲಿ ಹಾಕಿ ಕೊಟ್ಟರು. ಬೆಂಕಿಪೊಟ್ಟಣಕ್ಕಿಂತ ಚಿಕ್ಕ ಪ್ಲಾಸ್ಟಿಕ್ ಚೌಕಟ್ಟು, ಅದರ ಮೇಲೆ ಬಿಳಿ ಮೇಣ, ಮೇಣದೊಳಗೆ ಉದ್ದಿನಬೇಳೆಯಷ್ಟು ಕಂದು ಚೂರು. ಬಿಸಿಲಿಗೆ ಇಡಬೇಡಿ ಎಂದಷ್ಟೇ ಹೇಳಿದರು. ಅಷ್ಟು ಹೊತ್ತಿಗೆ ಆಸ್ಪತ್ರೆಯ ಕೌಂಟರ್ ಮುಚ್ಚಿತ್ತು. ಇನ್ನು ಸೋಮವಾರವೇ.

ಮನೆಗೆ ತಂದು ಷೋಕೇಸಿನಲ್ಲಿಟ್ಟೆ. ಅಮ್ಮ ಏನೆಂದು ಕೇಳಿದರು, ಹೇಳಿದೆ. ಅವರು ಎರಡು ಹೆಜ್ಜೆ ಹಿಂದೆ ಸರಿದರು.

"ಕತ್ತರಿಸಿದ ಉಗುರನ್ನೇ ಮನೆ ಒಳಗೆ ಇಟ್ಕೊಳಲ್ಲ ಕಣೇ. ದೇವರ ಮನೆ ಪಕ್ಕದಲ್ಲಿ ಮೈಯ ತುಂಡು ತಂದಿಟ್ಟಿದೀಯಲ್ಲ."

ಇದು ಅಕ್ಕನ ಔಷಧಿಯ ಪ್ರಶ್ನೆ, ಸೋಮವಾರದವರೆಗೆ ಮಾತ್ರ ಎಂದೆ. ಔಷಧಿ ಬೇರೆ, ಮೈಲಿಗೆ ಬೇರೆ ಎಂದರು. ನಾನು ಡಿಗ್ರಿ ಮುಗಿಸಿದವಳು, ಸೂಕ್ಷ್ಮಜೀವಿಗಳ ಬಗ್ಗೆ ಅವರಿಗೆ ಪಾಠ ಹೇಳಲು ಹೊರಟೆ. ಅವರು ಅಡುಗೆಮನೆಯಲ್ಲಿ ಮಿಕ್ಸಿ ಹಾಕಿದರು. ಅಷ್ಟರಲ್ಲಿ ಭಾವ ಮೆಟ್ಟಿಲಿಳಿದು ಬಂದರು. ಜಗಳ ಕಂಡರೆ ಭಾವನಿಗೆ ಆಗುವುದಿಲ್ಲ. ಯಾರ ಕಡೆಗೂ ಮಾತಾಡದೆ ಕವರನ್ನು ಎತ್ತಿಕೊಂಡು, "ನಾನು ನೋಡ್ಕೋತೀನಿ ಬಿಡಮ್ಮಾ" ಎಂದು ಹೊರಗೆ ಹೋದರು. ಮಹಡಿಗೆ ಒಯ್ದರು ಎಂದುಕೊಂಡೆ.

ಭಾನುವಾರ ಮಧ್ಯಾಹ್ನ ಅಕ್ಕ ಕಂಬಿ ಹಿಡಿದು ನಿಧಾನವಾಗಿ ಕೆಳಗಿಳಿದು ಬಂದಳು. "ಅದನ್ನ ಎಲ್ಲಿಟ್ಟಿದೀಯೇ?" ಎಂದು ಕೇಳಿದಳು.

ನಿಮ್ಮ ಮನೆಯಲ್ಲೇ ಇದೆಯಲ್ಲ ಎಂದೆ. ಇಲ್ಲ ಎಂದಳು. ಕೈಗೆ ಸಿಕ್ಕಿದ್ದನ್ನೆಲ್ಲ ಸ್ಕೂಟರಿನ ಡಿಕ್ಕಿಗೆ ಹಾಕುವುದು ಭಾವನ ಅಭ್ಯಾಸ. ಇಬ್ಬರೂ ಒಟ್ಟಿಗೆ ಗೇಟಿನ ಕಡೆ ನೋಡಿದೆವು. ಸ್ಕೂಟರ್ ಇರಲಿಲ್ಲ. ಬೆಳಿಗ್ಗೆಯೇ ಭಾವ ಕೆಂಗೇರಿಯಲ್ಲಿ ಅವರ ಚಿಕ್ಕಮ್ಮನ ಮನೆಯ ಗೃಹಪ್ರವೇಶಕ್ಕೆ ಹೋಗಿದ್ದರು. ಫೋನ್ ಮಾಡಿದರೆ ಎತ್ತಲಿಲ್ಲ. ಮತ್ತೆ ಮಾಡಿದೆ, ಎತ್ತಲಿಲ್ಲ. ಗಟ್ಟಿಮೇಳದ ನಡುವೆ ಯಾರ ಫೋನ್ ಯಾರಿಗೆ ಕೇಳುತ್ತದೆ?

ಅತ್ತಿಗುಪ್ಪೆಯಲ್ಲಿ ಮೆಟ್ರೋ ಹತ್ತಿದೆ. ಎಸಿ ಬೋಗಿಯಲ್ಲಿ ನಾನು ತಣ್ಣಗೆ ಕೂತಿದ್ದೆ. ಕೆಳಗೆ ಮೈಸೂರು ರಸ್ತೆಯಲ್ಲಿ ಬಿಸಿಲು ಕುದಿಯುತ್ತಿತ್ತು. ಅಕ್ಕನ ಚೂರು ಎಲ್ಲಿರಬೇಕೋ ಅಲ್ಲಿ ನಾನಿದ್ದೆ. ಈಗಲೂ ಆ ಪ್ರಯಾಣ ಕನಸಿನಲ್ಲಿ ಬರುತ್ತದೆ, ಕೆಂಗೇರಿ ಮಾತ್ರ ಬರುವುದಿಲ್ಲ.

ಹೊಸ ಮನೆಯ ಪಕ್ಕದ ಖಾಲಿ ಸೈಟಿನಲ್ಲಿ ಸ್ಕೂಟರ್ ನಿಂತಿತ್ತು. ಹೊಂಗೆ ಮರದ ನೆರಳನ್ನು ಅಡುಗೆಯವರ ವ್ಯಾನು ಹಿಡಿದಿತ್ತು. ಸೀಟು ಮುಟ್ಟಿದೆ, ಕೈ ಕಿತ್ತುಕೊಂಡೆ. ಶಾಮಿಯಾನದೊಳಗೆ ಓಡಿದರೆ ಭಾವ ಪಂಕ್ತಿಯಲ್ಲಿ ಕೂತು ಒಬ್ಬಟ್ಟಿಗೆ ತುಪ್ಪ ಹಾಕಿಸಿಕೊಳ್ಳುತ್ತಿದ್ದರು.

ಕೀ ಕೊಡಿ ಎಂದೆ. ಯಾಕೆ, ಕೂತು ಊಟ ಮಾಡು ಎಂದರು. ಅವರ ಚಿಕ್ಕಮ್ಮ ಬಂದು ನನ್ನ ಭುಜ ಹಿಡಿದರು.

"ಏನಮ್ಮಾ, ನಿಮ್ಮಕ್ಕ ಬರ್ಲೇ ಇಲ್ಲ? ಇನ್ನೂ ಜ್ವರಾನಾ?"

"ಇನ್ನೂ ಇದೆ ಆಂಟಿ."

"ಈ ಡಾಕ್ಟ್ರುಗಳನ್ನ ನಂಬ್ಕೊಂಡ್ರೆ ಅಷ್ಟೇ. ಅಮೃತಬಳ್ಳಿ ಕಷಾಯ ಕುಡಿಸು."

ಕುಡಿಸುತ್ತೇನೆ ಎಂದೆ. ಗುಟ್ಟು ನಾಲ್ಕು ಜನರದು. ಕಿರುಚಿದರೆ ಕೀ ಸಿಗುತ್ತದೆ, ಗುಟ್ಟು ಹೋಗುತ್ತದೆ. ಬಗ್ಗಿ ಭಾವನ ಕಿವಿಯಲ್ಲಿ ಹೇಳಿದೆ. "ಅಕ್ಕಂದು ಡಿಕ್ಕೀಲಿದೆಯಾ ಭಾವ?"

ಅವರ ಕೈಯ ತುತ್ತು ಎಲೆಗೆ ಬಿತ್ತು. ಬಲಗೈ ಎಂಜಲು, ಕೀ ಬಲಗಡೆಯ ಜೇಬಿನಲ್ಲಿ. ಎಡಗೈಯನ್ನು ಹೊಟ್ಟೆಯ ಮೇಲಿಂದ ಬಳಸಿ ಅವರು ಜೇಬು ತಡಕಾಡಿದ ಆ ಹೊತ್ತನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ. ಪಂಕ್ತಿ ಮುಗಿಯುವ ಮೊದಲೇ ಎದ್ದರೆಂದು ಹಿರಿಯರೊಬ್ಬರು ಗೊಣಗಿದರು.

ಡಿಕ್ಕಿ ತೆಗೆದರೆ ಒಲೆಯ ಬಾಯಿ ತೆಗೆದ ಹಾಗೆ ಬಿಸಿ ಗಾಳಿ. ಒರೆಸುವ ಬಟ್ಟೆ, ಮಡಚಿದ ಕೊಡೆ, ಅದರ ಕೆಳಗೆ ಕವರ್. ಮೇಣ ಅರ್ಧ ಕರಗಿ ಕವರಿಗೆ ಅಂಟಿತ್ತು. ಕಂದು ಚೂರು ಜಾರಿ ಒಂದು ಮೂಲೆಗೆ ಬಂದಿತ್ತು.

"ಮರೆತೇ ಹೋಯ್ತು ಕಣಮ್ಮಾ," ಎಂದರು ಭಾವ. ಒರೆಸುವ ಬಟ್ಟೆ ಕೈಗೆತ್ತಿಕೊಂಡರು. ನಾನು ಕಿತ್ತುಕೊಂಡೆ.

ಪೆಥಾಲಜಿ ಡಾಕ್ಟರಿಗೆ ಫೋನ್ ಮಾಡಿದೆ. ಅವರು ಬೈಯಲಿಲ್ಲ. ಮುಟ್ಟಬೇಡಿ, ಒತ್ತಬೇಡಿ, ಕವರಿನ ಸಮೇತ ನೆರಳಿನಲ್ಲಿ ಆಸ್ಪತ್ರೆಗೆ ತನ್ನಿ, ನಾನೂ ಅಲ್ಲಿಗೆ ಬರುತ್ತೇನೆ ಎಂದರು. ಬೈದದ್ದು ನಮ್ಮನ್ನು ಎದುರಿಗೆ ಕೂರಿಸಿಕೊಂಡ ಮೇಲೆ. ಬ್ಲಾಕುಗಳು ಅವರ ಬಳಿಗೆ ಟಿಫನ್ ಬಾಕ್ಸಿನಲ್ಲಿ ಬಂದಿವೆ, ಕಾಯಿ-ಹೂವಿನ ಜೊತೆ ಪೂಜೆಯ ಚೀಲದಲ್ಲಿ ಬಂದಿವೆಯಂತೆ.

"ನಾನು ವರ್ಷಗಟ್ಟಲೆ ಕೂತು ಇದರೊಳಗೆ ಏನಿದೆ ಅಂತ ಹುಡುಕ್ತೀನಿ. ನೀವು ಒಂದು ದಿನ ಇದನ್ನ ಫ್ಯಾನ್ ಕೆಳಗೆ ಇಡೋಕಾಗಲ್ಲ."

ಚೂರು ಉಳಿದಿದೆ, ಹೊಸ ಮೇಣದಲ್ಲಿ ಕೂರಿಸುತ್ತೇನೆ ಎಂದರು. ಆದರೆ ಆ ಬಿಸಿಗೆ ಪ್ರೋಟೀನುಗಳು ಕೆಟ್ಟಿದ್ದರೆ ಬಣ್ಣ ಹಿಡಿಯುವುದಿಲ್ಲ. ಮೊದಲೇ ಇರಲಿಲ್ಲವೋ, ಡಿಕ್ಕಿಯಲ್ಲಿ ಹಾಳಾಯಿತೋ ಎಂದು ಹೇಳಲಾಗದೆ ಹೋಗಬಹುದು. ವರದಿ ಬರುವವರೆಗೆ ಮನೆಯಲ್ಲಿ ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಅಮ್ಮ ಮಾತ್ರ ಹರಕೆಯ ಮೇಲೆ ಹರಕೆ ಹೊತ್ತರು. ಮೈಲಿಗೆಯೆಂದು ಹೊರಹಾಕಿದ್ದನ್ನೇ ಉಳಿಸಿಕೊಡೆಂದು ದೇವರನ್ನು ಬೇಡುವಾಗ ಅವರಿಗೆ ಏನೂ ಅನ್ನಿಸಲಿಲ್ಲವೇ?

ವರದಿಯ ದಿನ ನಾಲ್ವರೂ ಹೋದೆವು. ಡಾಕ್ಟರ್ ಪರದೆಯ ಮೇಲೆ ತೋರಿಸಿದರು. ಗೆಡ್ಡೆಯ ಪಕ್ಕದ ಆರೋಗ್ಯವಾದ ಕೋಶಗಳೆಲ್ಲ ಕಂದು ಬಣ್ಣ ಹಿಡಿದಿದ್ದವು, ಗೆಡ್ಡೆಯ ಕೋಶಗಳು ಹಿಡಿದಿರಲಿಲ್ಲ. ಬಿಸಿಲಿಗೆ ಹಾಳಾಗಿದ್ದರೆ ಎರಡೂ ಕಡೆ ಹಾಳಾಗಬೇಕಿತ್ತು. ಅಂದರೆ ಗೆಡ್ಡೆಯಲ್ಲಿ ಆ ಪ್ರೋಟೀನ್ ಮೊದಲೇ ಇರಲಿಲ್ಲ. ಅಂಥವರಿಗೆಂದೇ ಒಂದು ಔಷಧಿ ಇದೆ, ಅದನ್ನೇ ಶುರುಮಾಡುತ್ತಾರೆ. ಭಾವ ಕನ್ನಡಕ ತೆಗೆದು ಒರೆಸುತ್ತಲೇ ಇದ್ದರು.

ಉಳಿದ ಚೂರನ್ನು ಮನೆಗೆ ಒಯ್ಯಬಹುದು, ಅಥವಾ ಒಪ್ಪಿಗೆಪತ್ರಕ್ಕೆ ಸಹಿ ಹಾಕಿ ಸಂಶೋಧನೆಗೆ ಇಲ್ಲೇ ಬಿಡಬಹುದು ಎಂದರು ಡಾಕ್ಟರ್. ಅಮ್ಮ ಉತ್ತರ ಕೊಡಲು ಬಾಯಿ ತೆರೆದರು. ಅಕ್ಕ ಅವರ ಕಡೆ ತಿರುಗದೆ ಕೇಳಿದಳು.

"ಇಲ್ಲಿ ಎಸಿ ಇದೆಯಾ ಡಾಕ್ಟ್ರೇ?"

"ಹಗಲು ರಾತ್ರಿ ಇರುತ್ತೆ."

"ಹಾಗಾದ್ರೆ ಇಲ್ಲೇ ಇರ್ಲಿ. ನಮ್ಮನೇಲಿ ಅದಕ್ಕೆ ಜಾಗ ಇಲ್ಲ," ಎಂದು ಅಕ್ಕ ಪೆನ್ನಿಗೆ ಕೈ ಚಾಚಿದಳು.