ಪೈಲಟ್ ಜಾಕೆಟ್‌ಗೆ ತಕ್ಕ ಬೂಟು

ಗೆಳೆಯರೇ, ಫೋರ್ಟ್‌ನಲ್ಲಿರುವ ನನ್ನ ಬೂಟಿನ ಅಂಗಡಿಗೆ ಇವತ್ತು ಮಧ್ಯಾಹ್ನ ಒಬ್ಬ ಯುದ್ಧವೀರ ಬಂದಿದ್ದ. ಬೆವರಿನಲ್ಲಿ ತೊಯ್ದು ಹೋಗಿದ್ದರೂ ಉಣ್ಣೆಯ ಕಾಲರಿನ ಹಳೆಯ ಚರ್ಮದ ಪೈಲಟ್ ಜಾಕೆಟ್ ಬಿಚ್ಚಲಿಲ್ಲ. ಅದು ಮಹಾಯುದ್ಧದ ಕಾಲದ್ದಂತೆ, ಬೂಟೂ ಅದಕ್ಕೆ ಒಪ್ಪಬೇಕಂತೆ. ಹನ್ನೊಂದು ಜೋಡಿ ತೆಗೆಸಿದ. ಕಪ್ಪು ಬೇಡ, ಜಿಪ್ ಬೇಡ, ತುದಿಯಲ್ಲಿ ಹೊಲಿಗೆ ಬೇಡ.

ಚಪ್ಪಲಿಯ ಕಿತ್ತ ಉಂಗುಷ್ಠ ಹೊಲಿಸಲು ನಮ್ಮ ವಿಜಯಪುರದ ಬಸಪ್ಪ ಕಾಕಾ ಅಲ್ಲೇ ಕೂತಿದ್ದರು. ಇಪ್ಪತ್ತು ವರ್ಷ ವಾಯುಪಡೆಯಲ್ಲಿ ವಿಮಾನದ ಎಂಜಿನ್ ರಿಪೇರಿ ಮಾಡಿದವರು.

"ಯಾವುದಾರ ಹಾಕ್ಕೋ ತಮ್ಮಾ," ಅಂದರು ಕಾಕಾ. "ನನಗ ಕೊಟ್ಟಿದ್ದ ಬೂಟು ಒಂದು ನಂಬರ್ ದೊಡ್ಡದಿತ್ತು. ಮುಂದ ಪೇಪರ್ ತುರುಕಿ ವಿಮಾನದ ಕೆಲಸ ಮಾಡೀನಿ."

ಅವನು ತಿರುಗಿಯೂ ನೋಡಲಿಲ್ಲ. "ಛೋಡೋ ಅಂಕಲ್. ಇದು ಏರ್‌ಫೋರ್ಸ್ ಹಿಸ್ಟರಿ, ನಿಮಗೆ ಗೊತ್ತಾಗಲ್ಲ."

ಕಾಕಾ ತಲೆ ತಗ್ಗಿಸಿದರು. ನನಗೆ ಮೈ ಉರಿಯಿತು. ಹನ್ನೊಂದೂ ಡಬ್ಬಿ ಮುಚ್ಚಿ ಕಪಾಟಿಗೆ ಏರಿಸಿದೆ.

"ಕ್ಯಾ ಹುವಾ?" ಅಂದ.

"ನಿನಗ ನನ್ನ ಅಂಗಡ್ಯಾಗ ಬೂಟಿಲ್ಲ. ನೀ ಛೋಡೋ ಅಂದ್ಯಲ್ಲ, ಅವರು ಇಪ್ಪತ್ತು ವರ್ಷ ಏರ್‌ಫೋರ್ಸ್‌ನಾಗ ಇದ್ದವರು."

ಅವನು ಕಾಕಾನ ಬರಿಗಾಲು ನೋಡಿದ, ಮುಖ ನೋಡಲಿಲ್ಲ. ಜಾಕೆಟ್ ಸರಿಮಾಡಿಕೊಂಡು ಸ್ಟೇಷನ್ ಕಡೆ ಬಿರಬಿರನೆ ನಡೆದ.

ಕಾಕಾಗೆ ಇನ್ನೂ ಅವನದೇ ಚಿಂತೆ. "ಪಾಪ, ಅಂವ ಯಾವ ವಿಮಾನ ಹಾರಸ್ತಾನ?"

"ವಿಮಾನ ಎಲ್ಲೀದು ಕಾಕಾ, ಲೋಕಲ್ ಟ್ರೇನ್ ಹಿಡಿಯಾಕ ಹೊಂಟಾನ," ಅಂದೆ.