ಇಬ್ಬರು ಸಾಕು

ನಾನು ಕಲಿಸುವುದು ಸುಸ್ಥಿರತೆ. ಮೂಡುಬಿದಿರೆಯ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ, ಶನಿವಾರದ ಕೊನೆಯ ಪೀರಿಯಡ್. ಈ ಪೇಪರಿನಲ್ಲಿ ಪಾಸಾದರೆ ಸಾಕು, ಅಂಕಗಳು ಒಟ್ಟಿಗೆ ಸೇರುವುದಿಲ್ಲ. ಹಾಗಾಗಿ ಮಕ್ಕಳು ಊರಿಗೆ ಹೋಗುವ ಬ್ಯಾಗನ್ನು ಕಾಲ ಬುಡದಲ್ಲಿಟ್ಟುಕೊಂಡೇ ಕೂತಿರುತ್ತಾರೆ. ನಾನು ನೀರಿನ ವಿಷಯ ಹೇಳುವಾಗ ಅವರ ಕಣ್ಣು ಗಡಿಯಾರದ ಮೇಲೆ. ಗಂಟೆ ಹೊಡೆಯದಿರಲಿ ಎಂದು ಬಯಸುವವಳು ಆ ಕೋಣೆಯಲ್ಲಿ ನಾನೊಬ್ಬಳೇ. ಹೊಡೆದರೆ ಸೋಮವಾರದವರೆಗೆ ನನಗೆ ಮಾತಾಡಲು ಯಾರೂ ಇಲ್ಲ. ಮದುವೆಯಾಗಲಿಲ್ಲ, ಅದಕ್ಕೆ ದೊಡ್ಡ ಕಥೆಯೇನೂ ಇಲ್ಲ. ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ನಾನು ಕೂತ ಕೂಡಲೇ ಕೇಳದೆ ಬನ್ಸ್ ತಂದಿಡುತ್ತಾರೆ. ಇದ್ದ ಒಂದು ಮಾತೂ ಹಾಗೆ ಉಳಿತಾಯವಾಯಿತು.

ಪ್ರತಿ ವರ್ಷ ಮೊದಲ ಕ್ಲಾಸಿನಲ್ಲಿ ನಾನೊಂದು ಅಣೆಕಟ್ಟಿನ ಕಥೆ ಹೇಳುತ್ತಿದ್ದೆ. ನೆರಿಯ ಎಂಬ ಊರಿನ ಕಡೆ ಒಂದು ತೋಡು, ಅಂದರೆ ಸಣ್ಣ ಹಳ್ಳ. ಮಳೆ ನಿಂತ ಮೇಲೆ ಊರವರು ಕಲ್ಲು, ಮಣ್ಣು, ಸೊಪ್ಪು ಹಾಕಿ ಆ ನೀರಿಗೆ ಅಡ್ಡ ಕಟ್ಟುತ್ತಿದ್ದರು. ಅದಕ್ಕೆ ಕಟ್ಟ ಎಂದೇ ಹೆಸರು. ಮನೆಗೊಬ್ಬರಂತೆ ಮೂವತ್ತು ಜನ, ಇಡೀ ದಿನದ ಕೆಲಸ, ಮಧ್ಯಾಹ್ನ ಒಂದು ಮನೆಯಲ್ಲಿ ಎಲ್ಲರಿಗೂ ಗಂಜಿ. ಮುಂದಿನ ಮಳೆಗೆ ಅದು ಕೊಚ್ಚಿಹೋಗುತ್ತಿತ್ತು, ಡಿಸೆಂಬರಿನಲ್ಲಿ ಮತ್ತೆ ಮೊದಲಿನಿಂದ. ಆಮೇಲೆ ಅಲ್ಲಿ ಕಾಂಕ್ರೀಟಿನ ಕಿಂಡಿ ಅಣೆಕಟ್ಟು ಬಂತು. ಮಳೆ ಮುಗಿದಾಗ ಕಿಂಡಿಗಳಿಗೆ ಹಲಗೆ ಇಳಿಸುವುದು, ಮಳೆಗೆ ಮೊದಲು ಎತ್ತುವುದು, ಅಷ್ಟೇ ಕೆಲಸ. "ಮೂವತ್ತು ಜನರ ಕೆಲಸಕ್ಕೆ ಇನ್ನು ಇಬ್ಬರು ಸಾಕು" ಎಂದು ಬೋರ್ಡಿನ ಮೇಲೆ ಬರೆಯುತ್ತಿದ್ದೆ.

ಆ ವಾಕ್ಯ ಯೋಜನೆಯ ವರದಿಯದು. ವರದಿ ಬರೆದವಳು ನಾನು, ಅಣೆಕಟ್ಟಿನ ನಕ್ಷೆಯೂ ನನ್ನದು. ಬಂಟ್ವಾಳದ ಒಂದು ಸಣ್ಣ ಆಫೀಸಿಗೆ ಹೊಸದಾಗಿ ಸೇರಿದ್ದ ದಿನಗಳವು. ನೆರಿಯಕ್ಕೆ ಹೋಗುವ ಬಸ್ಸಿನಲ್ಲಿ ಪುಂಜಾಲಕಟ್ಟೆ ಊರು ದಾಟುವಾಗ ಆ ನಕ್ಷೆಯ ಸುರುಳಿ ಮುದುಡದಂತೆ ಮಡಿಲಲ್ಲಿ ಹಿಡಿದುಕೊಂಡಿರುತ್ತಿದ್ದೆ. ಇದನ್ನು ಮಾತ್ರ ಮಕ್ಕಳಿಗೆ ಹೇಳುತ್ತಿರಲಿಲ್ಲ, ಜಂಬ ಕೊಚ್ಚಿದ ಹಾಗಾಗುತ್ತದೆ ಎಂದು. ಅವರೇ ಒಮ್ಮೆ ಕೇಳಲಿ ಎಂಬ ಆಸೆ ಮಾತ್ರ ಒಳಗೊಳಗೇ ಇತ್ತು.

ಕಳೆದ ವರ್ಷ ವಿಜಯಪುರದ ಕಡೆಯ ಒಬ್ಬ ಹುಡುಗಿ ಕೈ ಎತ್ತಿದಳು. "ಮೇಡಂ, ಅದನ್ನ ನೋಡಾಕ ಹೋಗೋಣೇನ್ರಿ?"

ನನ್ನ ಪೇಪರಿನಲ್ಲಿ ಯಾರೂ ಯಾವತ್ತೂ ಏನನ್ನೂ ಕೇಳಿರಲಿಲ್ಲ. ಜನವರಿಯ ಒಂದು ಶನಿವಾರ ಹತ್ತು ಮಕ್ಕಳು, ನಾನು ಹೊರಟೆವು. ಬೆಳ್ತಂಗಡಿಯಲ್ಲಿ ಬಸ್ಸು ಬದಲಿಸುವಾಗ ಅವರು ನೆಲಗಡಲೆಯ ಪೊಟ್ಟಣವನ್ನು ನನ್ನ ಕಡೆಗೂ ಚಾಚಿದರು. ಅದಕ್ಕೆ ನನಗೆ ಎಷ್ಟು ಖುಷಿಯಾಯಿತೆಂದು ಹೇಳಲು ನಾಚಿಕೆಯಾಗುತ್ತದೆ.

ಅಣೆಕಟ್ಟು ಗಟ್ಟಿಮುಟ್ಟಾಗಿಯೇ ನಿಂತಿತ್ತು. ಆದರೆ ಮೂರು ಕಿಂಡಿಗಳೂ ತೆರೆದಿದ್ದವು. ಹಲಗೆ ಇಲ್ಲ, ಹಿಂದೆ ನೀರೂ ಇಲ್ಲ. ಕಲ್ಲುಗಳ ನಡುವೆ ಸಣ್ಣಗೆ ಒಂದು ಎಳೆ ಹರಿದುಹೋಗುತ್ತಿತ್ತು. ಪಕ್ಕದ ಗದ್ದೆಯಲ್ಲಿ ಪೈಪ್ ಜೋಡಿಸುತ್ತಿದ್ದ, ನನ್ನದೇ ವಯಸ್ಸಿನ ಕೃಷಿಕರೊಬ್ಬರು ನಮ್ಮನ್ನು ಕಂಡು ಬಂದರು. ತುಳು ಬಾರದ ಮಕ್ಕಳೆಂದು ಗೊತ್ತಾಗಿ ಶಾಲೆಯ ಕನ್ನಡದಲ್ಲಿ ನಿಧಾನವಾಗಿ ಮಾತಾಡಿದರು.

"ಹಲಗೆ ನನ್ನ ಕೊಟ್ಟಿಗೆಯಲ್ಲಿ ಉಂಟು. ಹಾಕುವವರು ಇಲ್ಲ."

"ಇಬ್ಬರು ಸಾಕಲ್ರಿ?" ಅಂದಳು ನಮ್ಮ ಹುಡುಗಿ. ಪಾಪ, ಬೋರ್ಡಿನಿಂದ ಬರೆದುಕೊಂಡಿದ್ದಳು.

"ಅದೇ ಕಷ್ಟ ಆದದ್ದು. ಮೂವತ್ತು ಜನ ಬೇಕು ಅಂತ ಇದ್ದಾಗ ತಪ್ಪಿಸಿಕೊಳ್ಳಲಿಕ್ಕೆ ನಾಚಿಕೆ ಆಗ್ತಿತ್ತು, ಎಲ್ಲರೂ ಬರ್ತಿದ್ದರು. ಇಬ್ಬರು ಸಾಕು ಅಂತ ಆದ ಮೇಲೆ ಆ ಇಬ್ಬರು ಯಾರು ಅಂತಲೇ ತೀರ್ಮಾನ ಆಗಲಿಲ್ಲ. ಒಂದೆರಡು ವರ್ಷ ಹಾಕಿದೆವು. ಆಮೇಲೆ ಅವರವರೇ ಬೋರ್‌ವೆಲ್ ತೆಗೆಸಿದರು. ಈಗ ನಾವೆಲ್ಲ ಒಟ್ಟಿಗೆ ಸೇರುವುದು ಯಾರಾದರೂ ಸತ್ತರೆ, ಬೊಜ್ಜದ ಊಟಕ್ಕೆ."

ಹುಡುಗಿ ನನ್ನ ಕಡೆ ತಿರುಗಿದಳು. "ಇದನ್ನ ಯಾರು ಡಿಸೈನ್ ಮಾಡ್ಯಾರ್ರಿ, ಮೇಡಂ?"

ಆ ಪ್ರಶ್ನೆಗಾಗಿ ಎಷ್ಟು ವರ್ಷ ಕಾದಿದ್ದೆ. ಈಗ ಗೊತ್ತಿಲ್ಲ ಎಂದುಬಿಟ್ಟರೆ ಮುಗಿಯಿತು, ಮುಂದಿನ ಶನಿವಾರವೂ ಈ ಹತ್ತು ಮಂದಿ ನನ್ನನ್ನು ನೋಡಿ ನಗುತ್ತಾರೆ. ಅವರ ಮುಂದೆ ಸಣ್ಣವಳಾಗಲು ನನಗೆ ಸ್ವಲ್ಪವೂ ಮನಸ್ಸಿರಲಿಲ್ಲ. ಹೆದರಿದೆ ಎಂದೇ ಹೇಳಬೇಕು.

"ನಾನು," ಅಂದೆ.

ಹುಡುಗರಲ್ಲಿ ಒಬ್ಬ ಫೋನು ತೆಗೆದು ನೋಡತೊಡಗಿದ. ಆ ಕೃಷಿಕರು ಮಾತ್ರ ತಲೆಯಾಡಿಸಿದರು. "ಗೊತ್ತುಂಟು. ಅವತ್ತು ಅಳತೆ ಮಾಡುವಾಗ ನಿಮ್ಮ ಟೇಪಿನ ಇನ್ನೊಂದು ತುದಿ ಹಿಡಿದವ ನಾನೇ." ಹೊರಡುವಾಗ ನನ್ನ ನಂಬರು ಕೇಳಿ ಬರೆದುಕೊಂಡರು.

ಮರಳುವ ಬಸ್ಸಿನಲ್ಲಿ ಮಕ್ಕಳೆಲ್ಲ ಹಿಂದಿನ ಸೀಟುಗಳಲ್ಲಿ ಕೂತರು. ಮುಂದಿನ ಶನಿವಾರ ಬ್ಯಾಗುಗಳು ಮತ್ತೆ ಕಾಲ ಬುಡಕ್ಕೆ ಬಂದವು. ಹುಡುಗಿ ಆಮೇಲೆ ಏನನ್ನೂ ಕೇಳಲಿಲ್ಲ. ನನಗೆ ಮುಜುಗರವಾಗಬಾರದೆಂದು ಸುಮ್ಮನಿದ್ದಿರಬೇಕು. ಕೇಳಿದ್ದರೆ ಚೆನ್ನಾಗಿತ್ತು.

ಡಿಸೆಂಬರಿನಲ್ಲಿ ಫೋನ್ ಬಂತು. "ಮೇಡಂ, ತೋಡಿನಲ್ಲಿ ನೀರು ಇಳಿದಿದೆ. ಹಲಗೆ ಹಾಕುವ. ನಾನೊಬ್ಬ ಇದ್ದೇನೆ."

ಭಾನುವಾರ ಮೊದಲ ಬಸ್ಸಿಗೇ ಹೋದೆ. ಒಂದೊಂದು ಕಿಂಡಿಗೂ ಎರಡು ಸಾಲು ಹಲಗೆ ಇಳಿಸಿ ನಡುವೆ ಮಣ್ಣು ತುಂಬಿದೆವು. ನನ್ನ ಸೊಂಟ ಹಿಡಿದುಕೊಂಡಿತು, ಅವರು ಎರಡು ಸಲ ಜಾರಿದರು. ಮಧ್ಯಾಹ್ನ ದಾಟುವಷ್ಟರಲ್ಲಿ ಕೆಲಸ ಮುಗಿದು ಹಲಗೆಯ ಹಿಂದೆ ನೀರು ಏರತೊಡಗಿತು. ವರದಿಯಲ್ಲಿ ಬರೆದದ್ದು ಸುಳ್ಳಾಗಿರಲಿಲ್ಲ, ಇಬ್ಬರು ಸಾಕಾಯಿತು.

ಅವರ ಮನೆಯ ಜಗಲಿಯಲ್ಲಿ ಗಂಜಿಗೆ ಕೂತೆವು. ಅವರ ಹೆಂಡತಿ ಸಣ್ಣ ಪಾತ್ರೆಯಲ್ಲಿ ತಂದು ಬಡಿಸಿದರು. ಕಟ್ಟ ಹಾಕುವ ದಿನ ಮೂವತ್ತು ಜನಕ್ಕೆ ಗಂಜಿ ಬೇಯಿಸುತ್ತಿದ್ದ ಹಂಡೆಯನ್ನು ಅಂಗಳದ ಮೂಲೆಯಲ್ಲಿ ಕವುಚಿ ಹಾಕಿದ್ದರು. ನಾವಿಬ್ಬರೂ ಅದಕ್ಕೆ ಬೆನ್ನು ಹಾಕಿ ಕೂತು ಉಂಡೆವು.